ಮಿಸ್ ಇಂಡಿಯಾ ಗೆದ್ದ ಮೇಲೆ ಏನಾಗುತ್ತದೆ?

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಎತ್ತರ 5 ಅಡಿ 6 ಇಂಚು. ಮಿಸ್ ಇಂಡಿಯಾಕ್ಕೆ ಹೋಗಲೇಬೇಕು ಎಂದು ಹಟ ಹಿಡಿದಿದ್ದಾಳೆ. ನಮ್ಮ ಕಡೆ ಈ ಲೋಕ ಗೊತ್ತಿದ್ದವರು ಯಾರೂ ಇಲ್ಲ. ಗೆದ್ದವರಿಗೆ ಮುಂದೆ ಏನಾಗುತ್ತದೆ? ಓದು ಬಿಡಬೇಕಾಗುತ್ತದೆಯೇ? ಎಷ್ಟು ಖರ್ಚು, ಕೈಗೆ ಎಷ್ಟು ಬರುತ್ತದೆ? ಒಪ್ಪಬೇಕೋ ಬೇಡವೋ ತಿಳಿಯುತ್ತಿಲ್ಲ. (ಒಬ್ಬ ತಾಯಿ)

ಉತ್ತರ: ‘ಗೆದ್ದವರಿಗೆ ಮುಂದೆ ಏನಾಗುತ್ತದೆ’ ಎಂದು ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಬಹಳಷ್ಟು ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಕಿರೀಟ ತಲೆಗೇರಿದ ಮೇಲೆ. ಅಷ್ಟರಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ.

ಮಿಸ್ ಇಂಡಿಯಾ ಪಟ್ಟವನ್ನು ಬಹುಮಾನ ಎನ್ನುವುದಕ್ಕಿಂತ ನೌಕರಿ ಎಂದುಕೊಳ್ಳಿ. ಮಾಲೀಕರಿದ್ದಾರೆ, ಅವಧಿಯಿದೆ, ಷರತ್ತುಗಳಿವೆ, ರಜೆ ಕಡಿಮೆ. ಹಾಗೆ ನೋಡಿದರೆ ಏನು ಕೇಳಬೇಕು, ಯಾವುದಕ್ಕೆ ಒಪ್ಪಬೇಕು ಎಂಬುದು ತಾನಾಗಿ ತಿಳಿಯಾಗುತ್ತದೆ.

ಮೊದಲು ಯಾವ ಸ್ಪರ್ಧೆ ಎಂಬುದನ್ನು ಮಗಳಿಂದ ಖಚಿತ ಮಾಡಿಕೊಳ್ಳಿ. ಜನ ಎಲ್ಲವನ್ನೂ ‘ಮಿಸ್ ಇಂಡಿಯಾ’ ಎಂದೇ ಕರೆಯುತ್ತಾರೆ. 1964ರಲ್ಲಿ ಮೆಹರ್ ಕ್ಯಾಸ್ಟಲಿನೊ ಅವರಿಂದ ಶುರುವಾದ ಫೆಮಿನಾ ಮಿಸ್ ಇಂಡಿಯಾದಲ್ಲಿ ಗೆದ್ದವರು ಈಗ ಮಿಸ್ ವರ್ಲ್ಡ್‌ಗೆ ಹೋಗುತ್ತಾರೆ. ಮಿಸ್ ಯೂನಿವರ್ಸ್‌ಗೆ ಹೋಗುವವರನ್ನು 2013ರಿಂದ ಮಿಸ್ ದಿವಾ ಎಂಬ ಪ್ರತ್ಯೇಕ ಸ್ಪರ್ಧೆ ಆರಿಸುತ್ತಿತ್ತು. 2024ರಿಂದ ಮಿಸ್ ಯೂನಿವರ್ಸ್ ಇಂಡಿಯಾ ಬೇರೊಂದು ಸಂಸ್ಥೆಯ ಕೈಯಲ್ಲಿದೆ. ಸಂಸ್ಥೆ ಬೇರೆಯಾದರೆ ನಿಯಮವೂ ಬೇರೆ, ಒಪ್ಪಂದವೂ ಬೇರೆ. ಮಿಸ್ ಯೂನಿವರ್ಸ್ 2023ರ ಆವೃತ್ತಿಯಿಂದ ಮದುವೆಯಾದವರಿಗೂ ತಾಯಂದಿರಿಗೂ ಬಾಗಿಲು ತೆರೆಯಿತು, 2024ರಿಂದ ಗರಿಷ್ಠ ವಯಸ್ಸಿನ ಮಿತಿಯನ್ನೂ ತೆಗೆದುಹಾಕಿತು. ಫೆಮಿನಾದ 2022ರ ಪ್ರಕಟಣೆಯಲ್ಲಿ ಎತ್ತರ ಕನಿಷ್ಠ 5 ಅಡಿ 3 ಇಂಚು ಎಂದಿತ್ತು. ನಿಯಮಗಳು ಬದಲಾಗುತ್ತಲೇ ಇರುವುದರಿಂದ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ನಂಬಿ. ಎತ್ತರವನ್ನು ಬರಿಗಾಲಲ್ಲಿ, ಗೋಡೆಗೆ ಹಿಮ್ಮಡಿ ತಾಗಿಸಿ, ಸಂಜೆ ಅಳೆಯಿರಿ. ಬೆಳಿಗ್ಗೆ ಅಳೆದರೆ ಸುಮಾರು 1 ಸೆಂಟಿಮೀಟರ್ ಹೆಚ್ಚು ಕಾಣುತ್ತದೆ. ಅರ್ಜಿಯಲ್ಲಿ ಎತ್ತರ ಹೆಚ್ಚಿಸಿ ಬರೆದರೆ ಆಡಿಷನ್ ದಿನ ಅಳತೆಪಟ್ಟಿಯ ಮುಂದೆ ಸಿಕ್ಕಿಬೀಳುವುದು ಖಂಡಿತ.

ಫೆಮಿನಾದಲ್ಲಿ 2017ರಿಂದ ರಾಜ್ಯಕ್ಕೊಬ್ಬರಂತೆ ಆರಿಸುತ್ತಾರೆ. ಆ ರಾಜ್ಯದಲ್ಲೇ ಹುಟ್ಟಿರಬೇಕು ಎಂದೇನಿಲ್ಲ. 2022ರಲ್ಲಿ ಕರ್ನಾಟಕವನ್ನು ಪ್ರತಿನಿಧಿಸಿ ಗೆದ್ದ ಸಿನಿ ಶೆಟ್ಟಿ ಹುಟ್ಟಿದ್ದು ಮುಂಬೈಯಲ್ಲಿ, ಮನೆತನದ ಬೇರು ಕರಾವಳಿಯದು. ಊರೂರಲ್ಲಿ ನಡೆಯುವ ‘ಮಿಸ್ ಕರ್ನಾಟಕ’ ಹೆಸರಿನ ಸ್ಪರ್ಧೆಗಳು ಈ ಆಯ್ಕೆಗೆ ಮೆಟ್ಟಿಲಲ್ಲ. ವೇದಿಕೆಯ ಅಂಜಿಕೆ ಬಿಡಲಿ ಎಂದು ಒಂದಕ್ಕೆ ಹೋದರೆ ತಪ್ಪಿಲ್ಲ. ಆದರೆ ಸ್ಪರ್ಧಿಯೇ ಇಷ್ಟು ಟಿಕೆಟ್ ಮಾರಬೇಕು ಎನ್ನುವ, ‘ನೇರ ಫೈನಲ್ ಪ್ರವೇಶ’ಕ್ಕೆ ಲಕ್ಷ ರೂಪಾಯಿ ಕೇಳುವ, ಯಾರದೋ ಖಾಸಗಿ ಯುಪಿಐ ನಂಬರಿಗೆ ದುಡ್ಡು ಹಾಕಿ ಎನ್ನುವ ಕಡೆಗೆ ಕಾಲಿಡಬೇಡಿ. ‘ಆಯ್ಕೆ ಸಮಿತಿಯವರು ಹೋಟೆಲ್ ರೂಮಿನಲ್ಲಿ ನೋಡುತ್ತಾರೆ’ ಎಂದರೆ ಅದು ಆಯ್ಕೆಯೇ ಅಲ್ಲ.

ಇನ್ನು ನೌಕರಿಯ ಅವಧಿ. ಎಲ್ಲರೂ ಒಂದು ವರ್ಷ ಎನ್ನುತ್ತಾರೆ. ಲೆಕ್ಕ ಹಾಗೆ ನಿಲ್ಲುವುದಿಲ್ಲ. ಸಿನಿ ಶೆಟ್ಟಿ ಗೆದ್ದದ್ದು 2022ರ ಜುಲೈಯಲ್ಲಿ, ಮಿಸ್ ವರ್ಲ್ಡ್ ವೇದಿಕೆ ಏರಿದ್ದು 2024ರ ಮಾರ್ಚ್ 9ರಂದು, ಅದೂ ಮುಂಬೈಯಲ್ಲೇ. ನಡುವೆ 20 ತಿಂಗಳು ಸರಿದಿದ್ದವು. ರಾಜಸ್ಥಾನದ ಕೋಟಾದ ನಂದಿನಿ ಗುಪ್ತಾ 2023ರ ಏಪ್ರಿಲ್‌ನಲ್ಲಿ ಇಂಫಾಲದಲ್ಲಿ ಗೆದ್ದರು, ಅವರ ಸರದಿ ಬಂದದ್ದು 2025ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ. ಎರಡು ವರ್ಷಕ್ಕೂ ಹೆಚ್ಚು. ಕರಾವಳಿ ಮೂಲದ ಆಡ್ಲಿನ್ ಕ್ಯಾಸ್ಟಲಿನೊ 2020ರ ಫೆಬ್ರುವರಿಯಲ್ಲಿ ಮಿಸ್ ದಿವಾ ಗೆದ್ದು, ಕೋವಿಡ್ ಕಾರಣಕ್ಕೆ ಮಿಸ್ ಯೂನಿವರ್ಸ್‌ಗೆ 2021ರ ಮೇವರೆಗೂ ಕಾದರು. ಅಲ್ಲಿ ಮೂರನೇ ರನ್ನರ್ ಅಪ್ ಆದರು. ಅಂತರರಾಷ್ಟ್ರೀಯ ದಿನಾಂಕ ಭಾರತದ ಸಂಘಟಕರ ಕೈಯಲ್ಲಿಲ್ಲ. ಕಾಯುವ ಅಷ್ಟೂ ದಿನ ದೇಹ, ಮಾತು, ಪಾಸ್‌ಪೋರ್ಟ್ ಎಲ್ಲವೂ ಸಿದ್ಧವಾಗಿರಬೇಕು, ಬೇರೆ ದೊಡ್ಡ ಕೆಲಸ ಒಪ್ಪಿಕೊಳ್ಳುವಂತಿಲ್ಲ. ಆದ್ದರಿಂದ ಓದಿನ ವಿಚಾರದಲ್ಲಿ ಎರಡು ವರ್ಷದ ಲೆಕ್ಕ ಇಟ್ಟುಕೊಳ್ಳಿ.

ನಿಮ್ಮ ಮಗಳ ಕಾಲೇಜು ವಿಟಿಯುಗೆ ಸೇರಿದ್ದಾದರೆ ಹಾಜರಾತಿ ಶೇ 85 ಇರಬೇಕು. ಸಕಾರಣವಿದ್ದರೆ ಶೇ 10ರಷ್ಟು ವಿನಾಯಿತಿ ಸಿಗಬಹುದು, ಅದಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆಡಿಷನ್, ತರಬೇತಿ, ಫೈನಲ್ ಸೇರಿದರೆ ಒಂದು ಸೆಮಿಸ್ಟರ್ ಪೂರ್ತಿ ಹೋಗಬಹುದು. ಗೆದ್ದರೆ ಮುಂಬೈಯಲ್ಲೇ ವಾಸ, ತರಗತಿಯ ಮಾತೇ ಇಲ್ಲ. ಪದವಿ ಮುಗಿಸಿ 22ಕ್ಕೆ ಹೋಗುವುದು ಉತ್ತಮ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದನ್ನು ಹಿಂಜರಿಕೆಯಿಂದ ಹೇಳುತ್ತಿಲ್ಲ. ಹೀಗೆ ಓದು ಮುಗಿಸಿ ಹೋದವರು ನಮ್ಮ ಮುಂದೆಯೇ ಇದ್ದಾರೆ. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ, ಐಟಿ ಕಂಪನಿಯಲ್ಲಿ ದುಡಿದ ಮಂಗಳೂರಿನ ಶ್ರೀನಿಧಿ ಶೆಟ್ಟಿ 2016ರಲ್ಲಿ ಪೋಲೆಂಡಿನಲ್ಲಿ ಮಿಸ್ ಸುಪ್ರಾನ್ಯಾಷನಲ್ ಎಂಬ ಇನ್ನೊಂದು ಅಂತರರಾಷ್ಟ್ರೀಯ ಸ್ಪರ್ಧೆ ಗೆದ್ದರು. ಹೈದರಾಬಾದಿನ ಮಾನಸಾ ವಾರಣಾಸಿ ಕಂಪ್ಯೂಟರ್ ಸೈನ್ಸ್ ಓದಿ, ಹಣಕಾಸು ಮಾಹಿತಿ ವಿಶ್ಲೇಷಕಿಯಾಗಿದ್ದಾಗ 2021ರ ಫೆಬ್ರುವರಿಯಲ್ಲಿ ಮಿಸ್ ಇಂಡಿಯಾ ಗೆದ್ದರು. ಓದಿನ ನಡುವೆಯೇ ಹೋದವರಿಲ್ಲ ಎಂದಲ್ಲ. ಮಾನುಷಿ ಛಿಲ್ಲರ್ ಸೋನಿಪತ್‌ನ ಭಗತ್ ಫೂಲ್ ಸಿಂಗ್ ವೈದ್ಯಕೀಯ ಕಾಲೇಜಿನಲ್ಲಿದ್ದಾಗಲೇ 2017ರಲ್ಲಿ ಮಿಸ್ ಇಂಡಿಯಾ ಮತ್ತು ಮಿಸ್ ವರ್ಲ್ಡ್ ಎರಡನ್ನೂ ಗೆದ್ದರು, ಓದಿಗೆ ವಿರಾಮ ಹಾಕಬೇಕಾಯಿತು. ಭಾರತದ ಮೊದಲ ಮಿಸ್ ವರ್ಲ್ಡ್ ರೀಟಾ ಫಾರಿಯಾ ಕೂಡ 1966ರಲ್ಲಿ ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿ. ಪಟ್ಟದ ವರ್ಷ ಮುಗಿದೊಡನೆ ಸಿನಿಮಾ, ಮಾಡೆಲಿಂಗ್ ಎಲ್ಲವನ್ನೂ ಬದಿಗಿಟ್ಟು ಓದಿಗೆ ಮರಳಿ ವೈದ್ಯೆಯಾದರು.

ಈಗ ಒಪ್ಪಂದ. ಮಗಳಿಗೆ 18 ದಾಟಿದ್ದರಿಂದ ಸಹಿ ಅವಳದೇ, ನಿಮ್ಮ ಒಪ್ಪಿಗೆ ಕಾನೂನಿಗೆ ಬೇಕಿಲ್ಲ. ಫೈನಲ್ ತಲುಪಿದವರೆಲ್ಲ ಸಹಿ ಹಾಕಬೇಕಾಗುತ್ತದೆ, ಗೆದ್ದವರು ಮಾತ್ರವಲ್ಲ. ಕರಡು ಪ್ರತಿಯನ್ನು ಮುಂಚೆಯೇ ಕೇಳಿ ಪಡೆದು, ಒಪ್ಪಂದಗಳಲ್ಲಿ ಪಳಗಿದ ವಕೀಲರಿಗೆ ತೋರಿಸಿ. ಅವರ ಶುಲ್ಕವೇ ಈ ದಾರಿಯಲ್ಲಿ ನೀವು ಮಾಡುವ ಅತ್ಯಂತ ಉಪಯುಕ್ತ ಖರ್ಚು. ಅವಧಿ ಯಾವ ದಿನದಿಂದ ಯಾವ ದಿನದವರೆಗೆ ಎಂದು ನೋಡಿ. ‘ಮುಂದಿನ ವಿಜೇತೆಗೆ ಕಿರೀಟ ತೊಡಿಸುವವರೆಗೆ’ ಎಂದಷ್ಟೇ ಇದ್ದರೆ ಅದಕ್ಕೆ ಕೊನೆಯ ದಿನಾಂಕವೇ ಇಲ್ಲ ಎಂದರ್ಥ. ಪಟ್ಟದ ಅವಧಿ ಮುಗಿದ ಮೇಲೂ ಅದೇ ಸಂಸ್ಥೆ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ಷರತ್ತು ಬೇರೆ ಪುಟದಲ್ಲಿ ಇರಬಹುದು. ಇನ್‌ಸ್ಟಾಗ್ರಾಂ ಖಾತೆಯಲ್ಲಿ ಯಾರು ಏನು ಹಾಕಬಹುದು, ತೆಗೆದ ಫೋಟೊಗಳನ್ನು ಎಲ್ಲಿ ಎಷ್ಟು ವರ್ಷ ಬಳಸಬಹುದು, ಕಾಯಿಲೆಯಾದರೆ ಅಥವಾ ಹಿಂದೆ ಸರಿದರೆ ಏನು, ತಕರಾರು ಬಂದರೆ ಯಾವ ಊರಿನ ನ್ಯಾಯಾಲಯ ಎಂಬುದೆಲ್ಲ ಬರವಣಿಗೆಯಲ್ಲಿರಬೇಕು.

ಮಗಳ ದುಡಿಮೆಯಲ್ಲಿ ಸಂಸ್ಥೆ ತೆಗೆದುಕೊಳ್ಳುವ ಪಾಲಿನ ಷರತ್ತಿನಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ದುಡ್ಡೇ ಬದಲಾಗುತ್ತದೆ. ಉದಾಹರಣೆಗೆ, ಸಂಸ್ಥೆಯ ಪಾಲು ಶೇ 30 ಎಂದಿಟ್ಟುಕೊಳ್ಳಿ. 1 ಲಕ್ಷ ರೂಪಾಯಿಯ ಕೆಲಸ, ಮೇಕಪ್ ಮತ್ತು ಓಡಾಟದ ಖರ್ಚು 20 ಸಾವಿರ. ಖರ್ಚು ಕಳೆದು ಉಳಿದದ್ದನ್ನು ಹಂಚಿದರೆ ಮಗಳಿಗೆ 56 ಸಾವಿರ. ಮೊದಲು ಹಂಚಿ, ಖರ್ಚನ್ನು ಅವಳ ಪಾಲಿನಿಂದಲೇ ತೆಗೆದರೆ 50 ಸಾವಿರ. ಇದರ ಜೊತೆಗೆ ಮೂಲದಲ್ಲೇ ತೆರಿಗೆ ಕಡಿತ, ವೃತ್ತಿ ಶುಲ್ಕಕ್ಕೆ ಸಾಮಾನ್ಯವಾಗಿ ಶೇ 10, ಇದ್ದೇ ಇರುತ್ತದೆ. ಅದು ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಆ ಹೊತ್ತಿಗೆ ಕೈಯಲ್ಲಿರುವುದಿಲ್ಲ. ವರ್ಷದ ವೃತ್ತಿ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಜಾಹೀರಾತಿನ ದುಡ್ಡು ಕೆಲಸ ಮುಗಿದ ಎರಡು ಮೂರು ತಿಂಗಳ ಮೇಲೆ ಬರುವುದು ಈ ವೃತ್ತಿಯಲ್ಲಿ ಮಾಮೂಲು. ಮೊದಲ ಆರು ತಿಂಗಳ ಮುಂಬೈ ಬಾಡಿಗೆ, ಊಟ, ಓಡಾಟಕ್ಕೆ ಕೈಯಲ್ಲಿ ದುಡ್ಡಿಲ್ಲದವರು ಸಿಕ್ಕ ಕೆಲಸಕ್ಕೆಲ್ಲ ತಲೆಯಾಡಿಸಿ ಮುಂದೆ ಪೇಚಾಡುತ್ತಾರೆ.

ಗೆದ್ದವರ ಬಳಿಗೆ ಕ್ರೀಮು, ತೂಕ ಇಳಿಸುವ ಪುಡಿಯ ಜಾಹೀರಾತುಗಳು ಸಾಲುಗಟ್ಟುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಮೊದಲ ತಪ್ಪಿಗೇ ಒಂದು ವರ್ಷ ಜಾಹೀರಾತಿನಲ್ಲಿ ಕಾಣಿಸಿಕೊಳ್ಳದಂತೆ ತಡೆಯಬಹುದು. ಪುಕ್ಕಟೆ ಬಂದ ವಸ್ತುವಿನ ಬಗ್ಗೆ ಪೋಸ್ಟ್ ಹಾಕಿದರೂ ಅದು ಪ್ರಚಾರ ಎಂದು ಎದ್ದು ಕಾಣುವಂತೆ ಹೇಳಬೇಕು.

ಖರ್ಚಿನ ವಿಷಯದಲ್ಲಿ ಮನೆಗಳು ಸುಮ್ಮನೆ ಸೋಲುತ್ತವೆ. ಅರ್ಜಿಗೆ ದುಬಾರಿ ಪೋರ್ಟ್‌ಫೋಲಿಯೊ ಬೇಡ. ಬೆಳಿಗ್ಗೆಯ ಹೊತ್ತು ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಿಳಿ ಗೋಡೆಯ ಮುಂದೆ, ಮೇಕಪ್ ಇಲ್ಲದೆ, ಕೂದಲು ಹಿಂದಕ್ಕೆ ಕಟ್ಟಿ, ಮೈಗೆ ಹೊಂದುವ ಸರಳ ಉಡುಪಿನಲ್ಲಿ ನಾಲ್ಕು ಫೋಟೊ ಸಾಕು: ಮುಖ, ಪಕ್ಕದ ನೋಟ, ಸೊಂಟದವರೆಗೆ, ತಲೆಯಿಂದ ಪಾದದವರೆಗೆ. ಫಿಲ್ಟರ್ ಹಾಕಬಾರದು. ಪಾದದವರೆಗಿನ ಫೋಟೊ ತೆಗೆಯುವವರು ಕ್ಯಾಮೆರಾವನ್ನು ಸೊಂಟದ ಎತ್ತರಕ್ಕೆ ಇಳಿಸಬೇಕು. ತಲೆಯ ಎತ್ತರದಿಂದ ತೆಗೆದರೆ ಕಾಲು ಗಿಡ್ಡ ಕಾಣುತ್ತದೆ. ಉಡುಪಿಗಾಗಿ ಸಾಲ ಮಾಡಬೇಡಿ. 1994ರಲ್ಲಿ ಮಿಸ್ ಇಂಡಿಯಾ ಗೆದ್ದ ಸುಷ್ಮಿತಾ ಸೇನ್ ಅವರ ಗೌನಿಗೆ ಬಟ್ಟೆ ತಂದದ್ದು ದೆಹಲಿಯ ಸರೋಜಿನಿ ನಗರ ಮಾರುಕಟ್ಟೆಯಿಂದ, ಹೊಲಿದದ್ದು ಸ್ಥಳೀಯ ಟೈಲರ್, ಕೈಗವಸು ಮಾಡಿದ್ದು ಹೊಸ ಕಾಲುಚೀಲ ಕತ್ತರಿಸಿ. ಅವರೇ ಸಂದರ್ಶನದಲ್ಲಿ ಹೇಳಿಕೊಂಡ ಮಾತಿದು.

ಗೌನು ಹೊಲಿಸುವಾಗ ಎಡವುವುದು ಅಂಚಿನಲ್ಲಿ. ವೇದಿಕೆಗೆ ಹಾಕುವ ಅದೇ ಹೀಲ್ಸ್ ತೊಟ್ಟು ನಿಂತಾಗ ಮುಂಭಾಗದ ಅಂಚು ನೆಲದಿಂದ ಒಂದು ಬೆರಳಿನಷ್ಟು ಮೇಲಿರಬೇಕು. ಚಪ್ಪಲಿ ಬದಲಾಯಿಸಿದರೆ ಅಂಚೂ ಬದಲಾಗಬೇಕು, ಇಲ್ಲವಾದರೆ ಹೀಲ್‌ಗೆ ಬಟ್ಟೆ ಸಿಕ್ಕಿ ಮುಗ್ಗರಿಸುವುದೇ. ಹೀಲ್ಸ್ ಅಭ್ಯಾಸ 2 ಇಂಚಿನಿಂದ ಶುರು ಮಾಡಿ, ದಿನಕ್ಕೆ 20 ನಿಮಿಷ. ಮೂರು ನಾಲ್ಕು ವಾರದ ಮೇಲೆ 4 ಇಂಚಿಗೆ ಏರಿ. ನಡೆದು ಮುಗಿದ ಮೇಲೆ ಗೋಡೆಗೆ ಕೈ ಒತ್ತಿ ನಿಂತು ಮೀನಖಂಡವನ್ನು ಎಳೆಯಬೇಕು, ಇಲ್ಲದಿದ್ದರೆ ಅದು ಬಿಗಿದು ಹಿಮ್ಮಡಿ ನೋವು ಗಂಟು ಬೀಳುತ್ತದೆ. ವೇದಿಕೆಯ ನೆಲ ನುಣುಪು. ಹೊಸ ಚಪ್ಪಲಿಯ ಅಟ್ಟೆಯನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿಕೊಂಡರೆ ಜಾರುವುದಿಲ್ಲ.

ನಡಿಗೆ ಎರಡು ತಿಂಗಳಲ್ಲಿ ಬಂದುಬಿಡುತ್ತದೆ. ಮಾತು ಬರುವುದಿಲ್ಲ. ಚಿಕ್ಕ ಊರಿನ ಹುಡುಗಿಯರು ಅದಕ್ಕೇ ಹೆಚ್ಚು ಹೊತ್ತು ಕೊಡಬೇಕು. ವೇದಿಕೆಯ ಮೇಲಿನ ಕೊನೆಯ ಪ್ರಶ್ನೆಯನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡುತ್ತಾರೆ, ಅದಕ್ಕಿಂತ ಮೊದಲೇ ತೀರ್ಪುಗಾರರೊಂದಿಗೆ ಮುಚ್ಚಿದ ಕೋಣೆಯಲ್ಲಿ ಸಂದರ್ಶನ ನಡೆದಿರುತ್ತದೆ. ಅಲ್ಲಿ ಕೇಳುವುದು ಅರ್ಜಿಯಲ್ಲಿ ಬರೆದದ್ದನ್ನೇ. ‘ಸಮಾಜಸೇವೆ ಇಷ್ಟ’ ಎಂದು ಬರೆದಿದ್ದರೆ ಯಾವ ಊರು, ಯಾವ ಕೆಲಸ, ಎಷ್ಟು ದಿನ, ಏನು ಬದಲಾಯಿತು ಎಂದು ಕೆದಕುತ್ತಾರೆ. ಮಿಸ್ ವರ್ಲ್ಡ್‌ನಲ್ಲಿ ‘ಬ್ಯೂಟಿ ವಿತ್ ಎ ಪರ್ಪಸ್’ ಎಂಬ ಸೇವಾ ಯೋಜನೆಯ ವಿಭಾಗವೇ ಇದೆ. ಮಾನುಷಿ ಅದಕ್ಕಾಗಿ ಮುಟ್ಟಿನ ಸ್ವಚ್ಛತೆಯ ಬಗ್ಗೆ ಹಳ್ಳಿಗಳಲ್ಲಿ ಕೆಲಸ ಮಾಡಿದ್ದರು. ಪ್ರತಿಭೆ, ಕ್ರೀಡೆ, ಮಾಡೆಲಿಂಗ್‌ಗೂ ಬೇರೆಬೇರೆ ಸುತ್ತುಗಳಿದ್ದು, ಗೆದ್ದವರು ಮುಂದಿನ ಹಂತಕ್ಕೆ ನೇರ ಹೋಗುತ್ತಾರೆ. ಈಜುಡುಗೆ ಸುತ್ತನ್ನು ಮಿಸ್ ವರ್ಲ್ಡ್ 2015ರಿಂದ ಕೈಬಿಟ್ಟಿದೆ. ನಿಮ್ಮ ಮನೆಯಲ್ಲಿ ಅದೇ ಅಳುಕಾಗಿದ್ದರೆ ಇದು ಗೊತ್ತಿರಲಿ.

ವೇದಿಕೆಯ ಉತ್ತರಕ್ಕೆ ಮಿಸ್ ಯೂನಿವರ್ಸ್‌ನಲ್ಲಿ 30 ಸೆಕೆಂಡ್ ಸಿಗುತ್ತದೆ. ಅವಸರವಿಲ್ಲದೆ ಮಾತಾಡಿದರೆ ಅದರಲ್ಲಿ ಹಿಡಿಸುವುದು ನಾಲ್ಕೈದು ವಾಕ್ಯ ಮಾತ್ರ. ಮೊದಲ ವಾಕ್ಯದಲ್ಲೇ ನಿಲುವು ಹೇಳಿ, ಒಂದು ಕಾರಣ, ಒಂದು ಉದಾಹರಣೆ ಕೊಟ್ಟು ನಿಲ್ಲಿಸಬೇಕು. 1992ರಲ್ಲಿ ಬ್ಯಾಂಕಾಕಿನ ಮಿಸ್ ಯೂನಿವರ್ಸ್ ವೇದಿಕೆಯಲ್ಲಿ ಭಾರತದ ಮಧು ಸಪ್ರೆ ಅವರಿಗೆ ‘ದೇಶದ ನಾಯಕಿಯಾದರೆ ಮೊದಲು ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಬಂತು. ಕ್ರೀಡಾಪಟುವಾಗಿದ್ದ ಅವರು ಕ್ರೀಡಾಂಗಣ ಕಟ್ಟಿಸುತ್ತೇನೆ ಎಂದರು. ಮನಸ್ಸಿನಲ್ಲಿದ್ದುದನ್ನೇ ಹೇಳಿದ ಪ್ರಾಮಾಣಿಕ ಉತ್ತರ ಅದು. ಆದರೆ ಬಡತನವಿರುವ ದೇಶಕ್ಕೆ ಅದೇ ಏಕೆ ಮೊದಲು ಎಂಬ ಕಾರಣ ಕೇಳುಗರಿಗೆ ಮುಟ್ಟಲಿಲ್ಲ. ಅವರು ಎರಡನೇ ರನ್ನರ್ ಅಪ್ ಆದರು, ಆ ಉತ್ತರದ ಚರ್ಚೆ ಈಗಲೂ ನಿಂತಿಲ್ಲ. 2000ದಲ್ಲಿ ಸೈಪ್ರಸ್‌ನಲ್ಲಿ, ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ ಅವರಿಗೆ, ಈ ಸ್ಪರ್ಧೆಯೇ ಹೆಣ್ಣಿಗೆ ಅಗೌರವ ಎಂದು ಹೊರಗೆ ಪ್ರತಿಭಟಿಸುತ್ತಿರುವವರಿಗೆ ಏನು ಹೇಳುತ್ತೀರಿ ಎಂದು ಕೇಳಿದರು. ಅವರು ಪ್ರತಿಭಟನಕಾರರನ್ನು ಹಳಿಯಲಿಲ್ಲ. ಉದ್ಯಮ, ಸೇನೆ, ರಾಜಕೀಯ ಯಾವುದೇ ಕ್ಷೇತ್ರವಿರಲಿ, ಮುಂದೆ ಹೋಗಬಯಸುವ ಯುವತಿಯರಿಗೆ ಇದೊಂದು ವೇದಿಕೆ ಎಂದು ಹೇಳಿ ಮುಗಿಸಿ ಗೆದ್ದರು. ಎರಡನ್ನೂ ಮಗಳು ಪಕ್ಕಪಕ್ಕದಲ್ಲಿಟ್ಟು ಕೇಳಲಿ.

ದಿನಾ ಬೆಳಿಗ್ಗೆ ಪತ್ರಿಕೆಯ ಒಂದು ಸುದ್ದಿ ಎತ್ತಿಕೊಂಡು, 30 ಸೆಕೆಂಡಿನಲ್ಲಿ ಅಭಿಪ್ರಾಯ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಹೇಳಲು ಬಾರದ ಅಭಿಪ್ರಾಯ ಇಂಗ್ಲಿಷಿನಲ್ಲಿ ಹುಟ್ಟುವುದಿಲ್ಲ. ಉರು ಹೊಡೆದ ಉತ್ತರ ಮೂರನೇ ವಾಕ್ಯಕ್ಕೇ ಬಯಲಾಗುತ್ತದೆ, ಏಕೆಂದರೆ ಪ್ರಶ್ನೆ ಸ್ವಲ್ಪ ತಿರುಗಿ ಬಂದಿರುತ್ತದೆ. ಅಮೆರಿಕದ ಉಚ್ಚಾರ ಎರವಲು ತರುವ ತರಬೇತಿ ವ್ಯರ್ಥ. ಸ್ಪಷ್ಟವಾಗಿ, ನಿಧಾನವಾಗಿ ಆಡಿದರೆ ನಮ್ಮ ಊರಿನ ಇಂಗ್ಲಿಷ್ ಸಾಕು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅನೇಕ ದೇಶದವರು ದುಭಾಷಿಯನ್ನು ಇಟ್ಟುಕೊಂಡೇ ಉತ್ತರಿಸುತ್ತಾರೆ.

ಆರೋಗ್ಯದ ಮೇಲೆ ತಾಯಿಯ ಕಣ್ಣು ಇರಲೇಬೇಕು. ಊಟ ಬಿಟ್ಟು ವಾರದಲ್ಲಿ ತೂಕ ಇಳಿಸಿದರೆ ಎರಡು ಮೂರು ತಿಂಗಳ ಮೇಲೆ ಕೂದಲು ಗುಪ್ಪೆಗುಪ್ಪೆ ಉದುರುತ್ತದೆ, ಸರಿಯಾಗಿ ಫೈನಲ್ ಹೊತ್ತಿಗೆ. ಮೂರು ತಿಂಗಳು ಮುಟ್ಟು ನಿಂತರೆ ತರಬೇತಿ ನಿಲ್ಲಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಶುರುವಿನಲ್ಲೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸ್ಪರ್ಧೆಗೆ ಒಂದು ತಿಂಗಳಿರುವಾಗ ಚರ್ಮಕ್ಕೆ ಹೊಸ ಕ್ರೀಮು, ಪೀಲಿಂಗ್ ಯಾವುದನ್ನೂ ಮುಟ್ಟಿಸಬಾರದು. ಗೆದ್ದ ಮೇಲೆ ಜನರ ಬಾಯಿ ಬೇರೆ. 2021ರ ಮಿಸ್ ಯೂನಿವರ್ಸ್ ಹರ್ನಾಜ್ ಸಂಧು ಪಟ್ಟದ ವರ್ಷದಲ್ಲಿ ತೂಕ ಹೆಚ್ಚಾದಾಗ ಕೆಟ್ಟ ಟೀಕೆಗಳನ್ನು ಕೇಳಬೇಕಾಯಿತು. ಗೋಧಿಯಲ್ಲಿನ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ತಮಗಿದೆ ಎಂದು ಅವರು ಬಹಿರಂಗವಾಗಿ ಹೇಳಿದರು. 22ರ ಹುಡುಗಿ ತನ್ನ ಕಾಯಿಲೆಯನ್ನು ಲೋಕದ ಮುಂದೆ ಇಟ್ಟು ಸಮಜಾಯಿಷಿ ಕೊಡಬೇಕಾಗಿ ಬಂದದ್ದು ನೋವಿನ ಸಂಗತಿ. ಕಮೆಂಟುಗಳನ್ನು ಓದುವ ಕೆಲಸ ಮಗಳದಾಗದಿರಲಿ, ಮನೆಯ ಇನ್ನೊಬ್ಬರು ನೋಡಿ ಅಳಿಸಲಿ. ನೆಂಟರಿಷ್ಟರ ಮಾತಿಗೂ ಸಿದ್ಧರಾಗಿರಿ. 1996ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ನಡೆದಾಗ ರೈತ ಸಂಘಟನೆಗಳಿಂದ ಮಹಿಳಾ ಸಂಘಟನೆಗಳವರೆಗೆ ಎಷ್ಟೋ ಜನ ಬೀದಿಗಿಳಿದಿದ್ದರು, ಈಜುಡುಗೆ ಸುತ್ತನ್ನು ಸೇಶೆಲ್ಸ್‌ಗೆ ಒಯ್ಯಬೇಕಾಯಿತು. ಆ ಪ್ರಶ್ನೆಗಳಲ್ಲಿ ಹುರುಳಿದೆ, ಮಗಳು ಅವುಗಳಿಗೆ ತನ್ನದೇ ಉತ್ತರ ಕಂಡುಕೊಂಡಿರಬೇಕು.

ಪಟ್ಟ ಇಳಿದ ಮೇಲಿನ ದಾರಿ? ಸಿನಿಮಾ ತಾನಾಗಿ ಬಾಗಿಲು ತಟ್ಟುವುದಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ಮಿಸ್ ವರ್ಲ್ಡ್ ಆದರೂ ಮೊದಲ ಚಿತ್ರ ತೆರೆ ಕಂಡದ್ದು 1997ರಲ್ಲಿ, ತಮಿಳಿನಲ್ಲಿ. ಪ್ರಿಯಾಂಕಾ ಚೋಪ್ರಾ ಅವರದು 2000ದ ಕಿರೀಟ, 2002ರ ಮೊದಲ ಚಿತ್ರ, ಅದೂ ತಮಿಳೇ. ಭದ್ರಾವತಿಯ ಆಶಾ ಭಟ್ 2014ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಆದ ಮೊದಲ ಭಾರತೀಯಳು, ಕನ್ನಡದ ತೆರೆಗೆ ಬಂದದ್ದು 2021ರಲ್ಲಿ. ಈ ನಡುವಿನ ವರ್ಷಗಳಲ್ಲಿ ಕಿರೀಟದ ಹೊಳಪು ಮಾಸುತ್ತಾ ಬರುತ್ತದೆ, ಆಗ ನಟನೆ ಕಲಿತಿದ್ದರೆ ಮಾತ್ರ ಉಳಿಗಾಲ. ಸಿನಿಮಾವೇ ಆಗಬೇಕಿಲ್ಲ. ಮೆಹರ್ ಕ್ಯಾಸ್ಟಲಿನೊ ಫ್ಯಾಷನ್ ಪತ್ರಕರ್ತೆಯಾಗಿ ದಶಕಗಳ ಕಾಲ ಬರೆದರು. ನಿಮ್ಮ ಮಗಳ ಕೈಯಲ್ಲಿ ಎಂಜಿನಿಯರಿಂಗ್ ಪದವಿ ಇದ್ದರೆ ಪಟ್ಟದ ಅವಧಿ ಮುಗಿದ ಮರುದಿನ ಒಪ್ಪಂದ ನವೀಕರಿಸುವಾಗ ‘ಬೇಡ’ ಎನ್ನುವ ಧೈರ್ಯ ಅವಳಿಗಿರುತ್ತದೆ. ಪದವಿ ಮುಗಿಸಿ ಹೋಗಲಿ ಎಂದದ್ದು ಇದೇ ಕಾರಣಕ್ಕೆ.

ಒಪ್ಪಬೇಕೋ ಬೇಡವೋ ಎಂದಿರಿ. ಒಪ್ಪಿ, ಆದರೆ ಎರಡು ವರ್ಷದ ತಯಾರಿಗೆ ಒಪ್ಪಿ. ಈ ವರ್ಷ ಅವಳು ಮಾಡಬೇಕಾದ್ದು ಮಾತಿನ ಅಭ್ಯಾಸ, ವಾರಕ್ಕೆ ಒಂದು ದಿನವಾದರೂ ನಿಜವಾಗಿ ತೊಡಗುವ ಒಂದು ಸೇವಾ ಕೆಲಸ, ಮತ್ತೆ ನೃತ್ಯವೋ ಸಂಗೀತವೋ ಆಟವೋ ಮೊದಲೇ ಕಲಿತದ್ದಿದ್ದರೆ ಅದನ್ನು ಬಿಡದಿರುವುದು. ಪಾಸ್‌ಪೋರ್ಟಿಗೆ ಈಗಲೇ ಅರ್ಜಿ ಹಾಕಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ರೀತಿ ಇರಬೇಕು. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅಪ್ಪನ ಪೂರ್ತಿ ಹೆಸರು ಇರುತ್ತದೆ. ವೀಸಾ ಹೊತ್ತಿನಲ್ಲಿ ಅದನ್ನು ಸರಿಪಡಿಸಲು ಹೊರಟರೆ ವಾರಗಟ್ಟಲೆ ಓಡಾಟವಾಗುತ್ತದೆ.